ಮುದ್ದೆಮಾಲು ಕೋಣೆಯಲ್ಲಿ ನನ್ನ ಹೆಂಡತಿ

ಜಿಲ್ಲೆಯಲ್ಲಿ ಕಾನೂನು ಕಾಯುವ ಹೊಣೆ ಹೊತ್ತ ದೊಡ್ಡ ಅಧಿಕಾರಿಗಳಿಗೆ,

ಮಾನ್ಯರೇ ಎಂದು ಶುರು ಮಾಡಬೇಕಂತೆ, ಮಾಡಿದ್ದೇನೆ. ನನ್ನ ಹೆಂಡತಿಯ ತಲೆ ನಿಮ್ಮ ಹತ್ತಿರ ಇದೆ. ಕೊಡಿ.

ಇದಕ್ಕಿಂತ ಉದ್ದ ಬರೆಯುವ ಆಸೆ ನನಗಿರಲಿಲ್ಲ. ಇಷ್ಟನ್ನೇ ಹದಿನಾಲ್ಕು ತಿಂಗಳಿಂದ ಬಾಯಲ್ಲಿ ಹೇಳಿಕೊಂಡು ಬಂದಿದ್ದೇನೆ. ಅರ್ಜಿ ಬರೆದುಕೊಡಿ ಎಂದರು. ಬರೆದುಕೊಟ್ಟರೆ ಮೇಲಿನವರಿಗೆ ಕಳಿಸಿದ್ದೇವೆ ಎಂದರು. ಮೇಲಿನವರು ಎಂದರೆ ನೀವು. ನಿಮ್ಮ ಮೇಜಿನ ಮೇಲೆ ನನ್ನ ಐದು ಅರ್ಜಿಗಳು ಮಲಗಿವೆ. ಅವುಗಳಿಗೆ ಎಚ್ಚರವಾಗುವ ಹಾಗೆ ಕಾಣದ್ದರಿಂದ ಆರನೆಯದನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಪ್ಪು ಅಕ್ಷರ ತಿದ್ದಿಕೊಡು ಎಂದು ಬಂಗಾರಪೇಟೆಯಲ್ಲಿ ವಕೀಲಿಕೆ ಮಾಡುವ ಅರ್ಚನಳಿಗೆ ಕೊಟ್ಟೆ, ನನ್ನ ತಮ್ಮನ ಮೊಮ್ಮಗಳು. ಅಕ್ಷರ ತಿದ್ದಿದಳು. ಮಾತನ್ನೂ ಸ್ವಲ್ಪ ಮೆತ್ತಗೆ ಮಾಡಲು ಹೊರಟಳು. ಅದು ಬೇಡ, ಅಕ್ಷರಕ್ಕೆ ಮಾತ್ರ ನಿನ್ನ ಪೆನ್ನು ಎಂದೆ.

ನನ್ನ ಹೆಸರು ವೆಂಕಟೇಶಪ್ಪ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಕೂಗಿದರೆ ಕೇಳಿಸುವಷ್ಟು ದೂರದ ಹಳ್ಳಿ ನಮ್ಮದು. ನಂದಿದುರ್ಗ ಗಣಿಯಲ್ಲಿ ಮೂವತ್ತು ವರ್ಷ, ಗಣಿ ಮುಚ್ಚುವವರೆಗೂ, ನೆಲದಡಿ ಕಲ್ಲು ತುಂಬಿದ್ದೇನೆ. ಹೆಂಡತಿ ಆದಿಲಕ್ಷ್ಮಮ್ಮ ತೀರಿಕೊಂಡು ಏಳು ವರ್ಷವಾಯಿತು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಊರಾಚೆ ಹುಣಸೆ ಮರದ ಕೆಳಗೆ ಅವಳನ್ನು ಮಣ್ಣು ಮಾಡಿದೆವು. ಪಕ್ಕದಲ್ಲಿ ನನಗೂ ಒಂದಾಳು ಜಾಗ ಬಿಡಿಸಿ ಗುರುತಿಗೆ ಕಲ್ಲು ನೆಟ್ಟಿದ್ದೇನೆ.

ಗಣಿಯ ಒಂದು ಪದ್ಧತಿಯನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಅಲ್ಲಿ ಒಬ್ಬೊಬ್ಬನಿಗೂ ನಂಬರು ಹೊಡೆದ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವ ಮುಂಚೆ ಅದನ್ನು ಕಿಟಕಿಯಲ್ಲಿ ಕೊಟ್ಟು ದೀಪ ತೆಗೆದುಕೊಳ್ಳಬೇಕು. ಅವರು ಬಿಲ್ಲೆಯನ್ನು ಹಲಗೆಯ ಮೊಳೆಗೆ ತಗುಲಿಸುತ್ತಾರೆ. ಮೇಲೆ ಬಂದು ದೀಪ ಕೊಟ್ಟರೆ ಬಿಲ್ಲೆ ವಾಪಸ್. ಮೊಳೆಯ ಮೇಲೆ ಬಿಲ್ಲೆ ಉಳಿದಿದೆ ಎಂದರೆ ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆ. ಆ ಬಿಲ್ಲೆ ಇಳಿಯುವವರೆಗೆ ಪಾಳಿಯ ಮೇಸ್ತ್ರಿ ಮನೆಗೆ ಹೋಗುವ ಹಾಗಿಲ್ಲ, ಅವನ ಮನೆಯಲ್ಲಿ ಮದುವೆಯೇ ನಡೆಯುತ್ತಿದ್ದರೂ.

ನನ್ನ ನಂಬರು 4417. ಒಂದು ಸಲ ಕೆಳಗೆ ಬಂಡೆ ಸಿಡಿದು ನಮ್ಮ ಪಾಳಿಯವರು ಹನ್ನೊಂದು ಗಂಟೆ ತಡವಾಗಿ ಮೇಲೆ ಬಂದೆವು. ಅವತ್ತಿನಿಂದ ನಾನು ಮನೆಗೆ ಬಂದ ಕೂಡಲೇ ಆದಿಲಕ್ಷ್ಮಿ ಮೊದಲು ಕೈ ಚಾಚುತ್ತಿದ್ದಳು. ಎದುರಿಗೆ ಆರು ಅಡಿ ಆಳು ನಿಂತಿದ್ದರೂ ಸಾಲದು, ಬಿಲ್ಲೆ ಬೇಕು. ಅದನ್ನು ಅಂಗೈಯಲ್ಲಿಟ್ಟು ಒಂದು ಸಲ ಬೆರಳು ಮುಚ್ಚಿ ನೋಡಿಕೊಂಡ ಮೇಲೆಯೇ ಅವಳ ಗಂಟಲಲ್ಲಿ ಮುದ್ದೆ ಇಳಿಯುತ್ತಿದ್ದದ್ದು. ಗಣಿ ಮುಚ್ಚಿದಾಗ ಬಿಲ್ಲೆ ವಾಪಸ್ ಕೇಳಿದರು. ಕಳೆದುಹೋಯಿತು ಎಂದು ಸುಳ್ಳು ಹೇಳಿದೆ. ಮೂವತ್ತು ವರ್ಷದಲ್ಲಿ ಗಣಿಯಿಂದ ನಾನು ಕದ್ದದ್ದು ಅದೊಂದೇ. ಬೇಕಾದರೆ ಅದಕ್ಕೂ ಒಂದು ಕೇಸು ಹಾಕಿ, ನಿಮ್ಮವರಿಗೆ ಬರೆಯಲು ಕೆಲಸವಾಗುತ್ತದೆ.

ಅವಳನ್ನು ಗುಣಿಗೆ ಇಳಿಸುವಾಗ ಆ ಬಿಲ್ಲೆಯನ್ನು ಬಲಗೈಯಲ್ಲಿಟ್ಟು ಬೆರಳು ಮಡಿಸಿ, ಕೈಯನ್ನು ಎದೆಯ ಮೇಲಿಟ್ಟೆ. ನಾನು ಮೇಲೆ ಬಂದಿದ್ದೇನೆ ಎಂದು ಅವಳಿಗೆ ಗೊತ್ತಿರಲಿ ಎಂದು. ಅವಳ ಅಕ್ಕ ಪೆದ್ದಮ್ಮ ಗುಣಿಯ ಅಂಚಿನಲ್ಲೇ ಜಗಳಕ್ಕೆ ನಿಂತಳು.

“ಬದುಕಿರೋನ ಬಿಲ್ಲೆ ಗುಣಿಗಾಕ್ತಾರೇನಪ್ಪ? ಲೆಕ್ಕ ತಪ್ತದೆ. ಎತ್ಕೊ ಅದ್ನ.”

ನಾನು ಎತ್ತಿಕೊಳ್ಳಲಿಲ್ಲ. ಮುದುಕಿಗೆ ಬುದ್ಧಿಭ್ರಮಣೆ ಎಂದುಕೊಂಡೆ. ಈಗ ಪೆದ್ದಮ್ಮನೂ ಇಲ್ಲ. ಇದ್ದಿದ್ದರೆ ನಿಮ್ಮ ಕಚೇರಿಗೆ ಕಾಗದದ ಬದಲು ಅವಳನ್ನೇ ಕಳಿಸುತ್ತಿದ್ದೆ.

ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ಎಡೆ ಇಡಲು ಮಗಳು ಇಂದ್ರಾಣಿಯನ್ನು ಕರೆದುಕೊಂಡು ಹೋದೆ. ತಲೆಯ ಕಡೆಯ ಕಲ್ಲು ಪಕ್ಕಕ್ಕೆ ಬಿದ್ದಿತ್ತು. ಒಂದು ಮೊಳ ಅಗಲದ ಕುಣಿ, ಒಳಗೆ ತಲೆ ಇರಲಿಲ್ಲ. ತೋಡಿದವರು ಮುಚ್ಚುವ ಗೋಜಿಗೂ ಹೋಗಿರಲಿಲ್ಲ. ಇಂದ್ರಾಣಿಯ ಕೈಯಲ್ಲಿ ಅನ್ನ, ವಡೆ ಬಡಿಸಿದ ಎಲೆ ಇತ್ತು. ಅದನ್ನು ಎಲ್ಲಿಡಬೇಕು ಎಂದು ಅವಳಿಗೆ ತಿಳಿಯಲಿಲ್ಲ. ಹಿಡಿದುಕೊಂಡೇ ನಿಂತಿದ್ದಳು. ತಲೆ ಇಲ್ಲದವಳಿಗೆ ಎಡೆ ಇಡುವುದು ಹೇಗೆ ಎಂದು ನನಗೂ ತಿಳಿಯಲಿಲ್ಲ. ಎಲೆಯನ್ನು ಹಾಗೆಯೇ ಮನೆಗೆ ವಾಪಸ್ ತಂದೆವು. ಅಂದಿನಿಂದ ನಮ್ಮ ಮನೆಯಲ್ಲಿ ಎಡೆ ಇಟ್ಟಿಲ್ಲ.

ಹತ್ತು ದಿನವಾದ ಮೇಲೆ ಬಂಗಾರಪೇಟೆ ರೈಲು ನಿಲ್ದಾಣದಲ್ಲಿ ಪೊಲೀಸರಿಗೆ ಒಂದು ಗೋಣಿಚೀಲ ಸಿಕ್ಕಿತು. ಒಳಗೆ ಮೂರು ತಲೆಬುರುಡೆ, ಒಂದು ಜೊತೆ ಕಾಲುಂಗುರ, ನನ್ನ ಬಿಲ್ಲೆ. ಚೀಲದ ಜೊತೆ ವೆಂಕಿ ಎಂಬ ಒಬ್ಬ ಆಳು. ಗಡಿಯಾಚೆ ಮಾಟ ಮಾಡುವವರಿಗೆ ಬುರುಡೆ ಸಾಗಿಸುವುದು ಅವನ ಕಸುಬು. ಜೊತೆಗೆ, ಚಿನ್ನದ ಗಣಿಯವರ ಹೆಣದ ಬಾಯಲ್ಲಿ ಚಿನ್ನ ಇರುತ್ತದೆ ಎಂದು ಯಾರೋ ಅವನಿಗೆ ಹೇಳಿದ್ದರಂತೆ. ನಾವು ಇಡುವುದು ಸಾಸಿವೆ ಕಾಳಿಗಿಂತ ಸಣ್ಣ ಚೂರು, ಅದೂ ಇದ್ದವರು ಮಾತ್ರ. ಚಿನ್ನ ತೆಗೆದವರು ನಾವು, ಇಟ್ಟುಕೊಂಡವರು ಬೇರೆಯವರು. ಅಷ್ಟೂ ತಿಳಿಯದ ಕಳ್ಳ.

ಕಳ್ಳನ ದಡ್ಡತನ ಬಿಡಿ, ನಿಮ್ಮವರ ಬುದ್ಧಿವಂತಿಕೆ ಕೇಳಿ. ಠಾಣೆಯಲ್ಲಿ ಕಡತ ಬರೆಯುವ ರೈಟರ್ ಬಿಲ್ಲೆಯ ನಂಬರು ಹಿಡಿದುಕೊಂಡು ಹಳೇ ಗಣಿ ಆಳುಗಳ ಪಟ್ಟಿ ಹುಡುಕಿಸಿದರು. 4417, ವೆಂಕಟೇಶಪ್ಪ. ಸತ್ತವನ ಹೆಸರು ಸಿಕ್ಕಿತಲ್ಲ ಎಂದು ಪಂಚನಾಮೆಯಲ್ಲಿ ಬರೆದು, ಇಬ್ಬರು ಪಂಚರ ಸಹಿ ಹಾಕಿಸಿ, ಕೋರ್ಟಿಗೆ ಕಳಿಸಿ, ಅದೆಲ್ಲ ಮುಗಿದ ಮೇಲೆ ಮನೆಯವರಿಗೆ ತಿಳಿಸಲು ಒಬ್ಬ ಪೇದೆಯನ್ನು ಅಟ್ಟಿದರು. ಬಾಗಿಲು ತೆಗೆದವನು ನಾನು.

“ಇದು ವೆಂಕಟೇಶಪ್ಪನವರ ಮನೇನಾ?” ಎಂದ ಪೇದೆ.

“ಊಂ.”

“ಅವರ ಸಮಾಧಿ ಎಲ್ಲಿದೆ, ಸ್ವಲ್ಪ ತೋರಿಸ್ತೀರಾ?”

“ಜಾಗ ಐತೆ, ತೋರಿಸ್ತೀನಿ. ಇನ್ನೂ ಮಲಗಿಲ್ಲ ಕಣಪ್ಪ.”

ಅವನು ಒಳ್ಳೆಯ ಹುಡುಗ. ಜಗಲಿಯ ಮೇಲೆ ಕೂತು ನೀರು ಕುಡಿದು, ಪಂಚನಾಮೆ ಹೋಗಿಬಿಟ್ಟಿದೆ ತಾತ ಎಂದು ಬೇಜಾರು ಮಾಡಿಕೊಂಡ. ಸುದ್ದಿ ಮರುದಿನವೇ ಗಣಿ ಆಳುಗಳ ಮನೆಸಾಲು, ಆ ಲೈನುಗಳಿಗೆ ಮುಟ್ಟಿತು. ನನ್ನ ಪಾಳಿಯಲ್ಲಿದ್ದ ಕುಪ್ಪುಸ್ವಾಮಿ ನೋಡಲು ಬಂದವನು ಬಾಗಿಲಲ್ಲೇ ನಿಂತು, “ಸತ್ತೋಗಿದ್ದೀಯಂತೆ, ಒಂದು ಮಾತು ಏಳ್ಬಾರ್ದಾ? ತಿಥಿ ಊಟಕ್ಕಾದ್ರೂ ಬತ್ತಿದ್ದೆ” ಎಂದ. ನಕ್ಕೆವು. ಆಗ ಇನ್ನೂ ನಗು ಬರುತ್ತಿತ್ತು, ವಾರದಲ್ಲಿ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಠಾಣೆಗೆ ಹೋದೆ. ಬಿಲ್ಲೆ ನನ್ನದು, ತಲೆ ನನ್ನ ಹೆಂಡತಿಯದು, ನಾನು ಬದುಕಿದ್ದೇನೆ ಎಂದೆ. ಮೂರಕ್ಕೂ ದಾಖಲೆ ಕೇಳಿದರು. ಗುರುತು ಹಿಡಿಯುತ್ತೀರಾ ಎಂದು ಜಪ್ತಿ ಮಾಡಿದ್ದನ್ನು ಇಡುವ ಮುದ್ದೆಮಾಲು ಕೋಣೆಗೆ ಕರೆದುಕೊಂಡು ಹೋದರು. ಆ ಕೋಣೆಯನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ಹೇಳುತ್ತೇನೆ. ಒಂದು ಕಡೆ ಜಪ್ತಿಯಾದ ಸೈಕಲ್ಲುಗಳು, ಇನ್ನೊಂದು ಕಡೆ ಕಳ್ಳಭಟ್ಟಿಯ ಕ್ಯಾನುಗಳು. ನಡುವಿನ ಕಬ್ಬಿಣದ ರ‍್ಯಾಕಿನ ಮೇಲೆ ಮೂರು ಪ್ಲಾಸ್ಟಿಕ್ ಚೀಲ. ಪಕ್ಕದ ಗೋಡೆಯ ಮೊಳೆಗೆ, ದಾರ ಕಟ್ಟಿ, ಚೀಟಿ ಅಂಟಿಸಿ, ನನ್ನ ಬಿಲ್ಲೆ.

ಎರಡನೇ ಚೀಲ ಅವಳು. ನಮ್ಮೂರಿನ ಕೈಪಂಪಿನ ಹಿಡಿ ಜಾರಿ ಬಾಯಿಗೆ ಹೊಡೆದು ಅವಳ ಮೇಲಿನ ಮುಂದಿನ ಹಲ್ಲು ಓರೆಯಾಗಿ ಅರ್ಧ ಮುರಿದಿತ್ತು. ಮೂವತ್ತು ವರ್ಷ ಆ ಅರ್ಧ ಹಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಕ್ಕವಳು ಅವಳು. ಈಗ ಮುಚ್ಚಿಕೊಳ್ಳಲು ಏನೂ ಇರಲಿಲ್ಲ. ಇವಳೇ ಎಂದೆ. ಚೀಲದ ಬಾಯಿಗೆ ಕೈ ಹಾಕಿದೆ.

“ಮುಟ್ಟಂಗಿಲ್ಲ ತಾತ,” ಎಂದರು ರೈಟರ್. “ಸಾಕ್ಷ್ಯ ಅದು.”

ಮಾನ್ಯರೇ, ಆ ತಲೆಗೆ ಕಳ್ಳ ಕೈ ಹಾಕಿದ್ದಾನೆ, ಪಂಚರು ಕೈ ಹಾಕಿದ್ದಾರೆ, ನಿಮ್ಮವರು ಹಾಕಿದ್ದಾರೆ. ಕಟ್ಟಿಕೊಂಡ ಗಂಡ ಮಾತ್ರ ಹಾಕುವ ಹಾಗಿಲ್ಲ. ಇದು ಯಾವ ಪುಸ್ತಕದಲ್ಲಿದೆ? ಪುಟ ತೆಗೆದು ತೋರಿಸಿ, ಓದಲು ಬರುತ್ತದೆ ನನಗೆ.

ಪುಸ್ತಕ ತೋರಿಸು ಎಂದು ಅರ್ಚನಳನ್ನೂ ಕೇಳಿದೆ. ಅವಳು ಹೊಸ ಸಂಹಿತೆ ತೆಗೆದು ಓದಿದಳು. ಸ್ಮಶಾನಕ್ಕೆ ಅತಿಕ್ರಮವಾಗಿ ನುಗ್ಗಿ ಹೆಣಕ್ಕೆ ಅವಮಾನ ಮಾಡಿದವನಿಗೆ ಹೆಚ್ಚೆಂದರೆ ಒಂದು ವರ್ಷ, ಇಲ್ಲವೇ ದಂಡ. ಜಾಮೀನು ಕೇಳಿದರೆ ಕೊಡಲೇಬೇಕು. ಹಳೇ ಸಂಹಿತೆಯಲ್ಲೂ ಹೀಗೇ ಇತ್ತಂತೆ, ಹೊಸದರಲ್ಲಿ ನಂಬರು ಮಾತ್ರ ಬದಲಾಯಿಸಿದ್ದಾರೆ. ಅದೂ ಸುಮ್ಮನೆ ಅಲ್ಲ, ನೋಯಿಸುವ ಉದ್ದೇಶ ಇರಬೇಕು, ಇಲ್ಲವೇ ಜನರಿಗೆ ನೋವಾಗುತ್ತದೆ ಎಂದು ಅವನಿಗೆ ಗೊತ್ತಿರಬೇಕು. ವೆಂಕಿಯ ವಕೀಲರು ಕೋರ್ಟಿನಲ್ಲಿ ಎದ್ದು ನಿಂತು ಏನು ವಾದಿಸಿದರು ಗೊತ್ತೇ? ನಮ್ಮ ಕಕ್ಷಿದಾರ ಯಾರಿಗೂ ಗೊತ್ತಾಗಬಾರದೆಂದೇ ಹೋಗಿದ್ದ, ಗೊತ್ತೇ ಆಗದಿದ್ದರೆ ನೋವಾಗುವುದು ಯಾರಿಗೆ ಎಂದು. ಎಂಥ ದಯಾಳು ಕಳ್ಳ! ಮನೆಯವರಿಗೆ ನೋವಾಗದಿರಲಿ ಎಂದು ಕದ್ದುಮುಚ್ಚಿ ತಲೆ ಕೀಳುತ್ತಾನೆ.

ಹಾಗಾದರೆ ಕಳ್ಳತನದ ಕೇಸು ಹಾಕಿ ಎಂದೆ. ಹೆಣ ಯಾರ ಸ್ವತ್ತೂ ಅಲ್ಲವಂತೆ, ಹಾಗಾಗಿ ಅದನ್ನು ಕದಿಯಲು ಬರುವುದಿಲ್ಲವಂತೆ. ಸರಿ. ಯಾರ ಸ್ವತ್ತೂ ಅಲ್ಲದ್ದನ್ನು ನಿಮ್ಮ ರ‍್ಯಾಕಿನಲ್ಲಿ ಇಟ್ಟುಕೊಂಡು ಬೀಗ ಹಾಕುವುದು ಯಾವ ಹಕ್ಕಿನಲ್ಲಿ? ಕದಿಯುವಾಗ ಸ್ವತ್ತಲ್ಲ, ನಾನು ಕೇಳಿದಾಗ ಮಾತ್ರ ಒಡೆತನದ ದಾಖಲೆ ತಾ ಎನ್ನುತ್ತೀರಿ. ಮದುವೆಯಲ್ಲಿ ನನ್ನ ಮಾವ ರಸೀದಿ ಕೊಟ್ಟಿರಲಿಲ್ಲ.

ಸತ್ತ ಹುಲಿಯ ಒಂದು ಉಗುರು ಕೊರಳಲ್ಲಿ ಕಟ್ಟಿಕೊಂಡರೆ ಮೂರು ವರ್ಷಕ್ಕೆ ಕಡಿಮೆ ಇಲ್ಲ. ನಾನು ಬೇಡ ಎನ್ನುವುದಿಲ್ಲ, ಹುಲಿಗೂ ಮಾನ ಇದೆ. ನಮ್ಮೂರ ಗುಡ್ಡದ ಹಿಂದೆ ಕಲ್ಲು ಚಪ್ಪಡಿ ನಿಲ್ಲಿಸಿದ ಹಳೇ ಕಾಲದ ಗೋರಿಗಳಿವೆ, ಪಾಂಡವರ ಮನೆ ಎನ್ನುತ್ತೇವೆ. ಅಲ್ಲಿಂದ ಒಂದು ಮಡಕೆ ಚೂರು ಎತ್ತಿ ಮಾರಿದರೆ, ನೂರು ವರ್ಷ ದಾಟಿದ ಪುರಾತನ ವಸ್ತು ಎಂದು ಅದಕ್ಕೆ ಬೇರೆಯೇ ಕಾನೂನು. ಯಾರೆಂದು ಗೊತ್ತಿಲ್ಲದವನ ಮಡಕೆಗೆ ಅಷ್ಟು ಕಾವಲು. ಮಗಳು, ಮೊಮ್ಮಕ್ಕಳು ಇರುವ ಆದಿಲಕ್ಷ್ಮಿಯ ತಲೆಗೆ ಇಲ್ಲ. ಅವಳಿಗೆ ನೂರು ತುಂಬಲು ಇನ್ನು ತೊಂಬತ್ತಮೂರು ವರ್ಷ ಬೇಕು ಮಣ್ಣಿನಲ್ಲಿ. ಕಾಯುತ್ತಿದ್ದಳು ಪಾಪ, ಕಾಯುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನೀವು ಬಿಡಬೇಕಲ್ಲ.

ಇನ್ನೊಂದು ಕೇಳಿ. ಗಣಿಯಲ್ಲಿ ಪಾಳಿ ಮುಗಿಸಿ ಬಂದವರನ್ನು ನಿಲ್ಲಿಸಿ ಬಾಯಿ ತೆರೆಸುತ್ತಿದ್ದರು, ಊಟದ ಡಬ್ಬಿ ಕವುಚಿ ತಟ್ಟುತ್ತಿದ್ದರು. ಹೆಬ್ಬೆರಳು ಗಾತ್ರದ ಅದಿರುಕಲ್ಲು ಸಿಕ್ಕಿದರೂ ಸಾಕು, ಕೆಲಸ ಹೋಯಿತು, ಜೈಲು ಬಂತು. ಅದಕ್ಕೆಂದೇ ಕಾನೂನು ಮಾಡಿಟ್ಟಿದ್ದರು. ಈ ನೆಲದೊಳಗಿಂದ ಕಲ್ಲು ತೆಗೆದರೆ ಕಳ್ಳ, ತಲೆ ತೆಗೆದರೆ ಬರೀ ಅತಿಕ್ರಮಣ. ಇದನ್ನು ಬರೆದವರು ಯಾವತ್ತೂ ಯಾರನ್ನೂ ಮಣ್ಣು ಮಾಡಿದವರಲ್ಲ ಎಂದು ಕಾಣುತ್ತದೆ. ಮತ್ತೆ ಆ ಬುರುಡೆಗಳನ್ನು ಕೊಳ್ಳಲು ಗಡಿಯಾಚೆ ಕೂತಿದ್ದವನು? ಅವನು ಯಾರು ಎಂದು ನಿಮ್ಮವರು ಕೇಳಲೇ ಇಲ್ಲ. ಹೊತ್ತವನನ್ನು ಹಿಡಿದರು, ಕೊಳ್ಳುವವನ ಕಡೆ ತಿರುಗಿಯೂ ನೋಡಲಿಲ್ಲ.

ಬುರುಡೆಯನ್ನು ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದರು. ವರದಿ ಬಂತು. ಹೆಂಗಸು, ವಯಸ್ಸು ಐವತ್ತೈದರ ಮೇಲೆ. ಸದ್ಯ, ನನ್ನ ಮಾತು ನಿಜವಾಯಿತು ಎಂದುಕೊಂಡು ಓಡಿದೆ. ನಿಮ್ಮವರು ಪಂಚನಾಮೆ ತಿದ್ದಲಿಲ್ಲ. ವರದಿಯನ್ನು ಅದರ ಕೆಳಗೆ ಲಗತ್ತಿಸಿದರು. ಈಗ ನಿಮ್ಮ ಕಡತದಲ್ಲಿ ಹೀಗಿದೆ: ಮೃತರ ಹೆಸರು ವೆಂಕಟೇಶಪ್ಪ, ಲಿಂಗ ಹೆಣ್ಣು. ಅರ್ಚನ ನಕಲು ತೆಗೆಸಿ ತಂದಿದ್ದಾಳೆ, ನಾನು ಹುಟ್ಟಿಸಿ ಹೇಳುತ್ತಿಲ್ಲ. ಹೆಸರು ಮತ್ತು ಲಿಂಗ ತಾಳೆಯಾಗದ ಕಾರಣ ವಾರಸುದಾರರು ಖಚಿತವಾಗಿಲ್ಲ ಎಂದು ಕೆಳಗೆ ಷರಾ. ಹೋಲಿಸಿ ನೋಡಲು ಇಂದ್ರಾಣಿಯ ರಕ್ತ ತೆಗೆದುಕೊಂಡು ಹೋಗಿ ಹತ್ತು ತಿಂಗಳಾಯಿತು. ಆ ವರದಿ ಇನ್ನೂ ದಾರಿಯಲ್ಲಿದೆಯಂತೆ. ಬೆಂಗಳೂರಿನಿಂದ ಇಲ್ಲಿಗೆ ಎರಡು ಗಂಟೆ ದಾರಿ. ಉಳಿದ ಎರಡು ಬುರುಡೆಗಳಿಗೆ ತಪ್ಪು ಹೆಸರೂ ಇಲ್ಲ. ಅವರ ಕೈಯಲ್ಲಿ ಬಿಲ್ಲೆ ಇರಲಿಲ್ಲವಲ್ಲ.

ಬಿಲ್ಲೆ ಇಟ್ಟದ್ದು ನನ್ನ ತಪ್ಪು. ಒಪ್ಪಿಕೊಂಡಿದ್ದೇನೆ, ಬರೆದೂ ಕೊಟ್ಟಿದ್ದೇನೆ. ಅದಕ್ಕೆ ಅವಳಿಗೆ ಯಾಕೆ ಶಿಕ್ಷೆ?

ಹೋದ ತಿಂಗಳು ಕೋರ್ಟಿನ ವಾಯಿದೆಗೆ ಹೋಗಲು ರೈಲು ಹತ್ತಿದೆ. ಎದುರು ಸೀಟಿನಿಂದ ಒಬ್ಬ ಎದ್ದು, ತಾತ ಕಿಟಕಿ ಕಡೆ ಕೂತ್ಕೊಳ್ಳಿ ಎಂದು ಜಾಗ ಬಿಟ್ಟ. ಒಳ್ಳೆಯ ಸಂಸ್ಕಾರ ಎಂದುಕೊಂಡು ಕೂತೆ. ಎರಡು ನಿಮಿಷ ಬಿಟ್ಟು ಮುಖ ನೋಡಿದರೆ ವೆಂಕಿ. ಇಸ್ತ್ರಿ ಅಂಗಿ ಹಾಕಿದ್ದ. ಅವನೂ ಅದೇ ವಾಯಿದೆಗೆ ಹೊರಟವನು. ಅವನಿಗೆ ಮೂರನೇ ದಿನವೇ ಜಾಮೀನು ಸಿಕ್ಕಿತ್ತು. ಆದಿಲಕ್ಷ್ಮಿಗೆ ಇನ್ನೂ ಸಿಕ್ಕಿಲ್ಲ. ಅವನು ತಾನಾಗಿಯೇ ಮಾತು ತೆಗೆದ.

“ಬೇಜಾರ್ ಮಾಡ್ಕೋಬೇಡಿ ತಾತ. ಅದು ನಿಮ್ಮ ಎಂಡ್ರುದೇ ಅಂತ ಸಾಬೀತಾಗ್ದಿದ್ರೆ ನನ್ ಮೇಲೆ ಕೇಸೇ ನಿಲ್ಲಲ್ವಂತೆ. ನಮ್ ಲಾಯರ್ ಏಳವ್ರೆ.”

ಕೈ ಎತ್ತಬೇಕು ಅನ್ನಿಸಿತು. ಎದೆಯಲ್ಲಿ ಅಷ್ಟು ಉಸಿರಿಲ್ಲ. ಹೊಡೆಯುವ ಬದಲು ಒಂದು ಮಾತು ಕೇಳಿದೆ, ಏಳು ವರ್ಷದಿಂದ ನನಗೆ ಬೇಕಾಗಿದ್ದ ಮಾತು.

“ಬಿಲ್ಲೆ ತೆಗ್ದಲ್ಲ, ಅವ್ಳ ಕೈ ಮುಚ್ಚಿತ್ತಾ, ಬಿಚ್ಚಿತ್ತಾ?”

ವೆಂಕಿ ಕಿಟಕಿಯಾಚೆ ನೋಡಿದ. ಕೋರಮಂಡಲ್ ಸ್ಟೇಷನ್ ದಾಟಿದ ಮೇಲೆ ನನ್ನ ಕಡೆ ತಿರುಗಿದ.

“ಮುಚ್ಚಿತ್ತು ತಾತ. ಬಿಡಿಸ್ಬೇಕಾಯ್ತು.”

ಬಂಗಾರಪೇಟೆಯಲ್ಲಿ ಇಳಿದವನೇ ನೇರ ಠಾಣೆಗೆ ಹೋಗಿ, ಕಳ್ಳನೇ ಒಪ್ಪಿಕೊಂಡಿದ್ದಾನೆ, ನನ್ನ ಹೇಳಿಕೆ ಬರೆದುಕೊಳ್ಳಿ ಎಂದೆ. ರೈಟರ್ ಕಡತ ತಿರುವಿ ನೋಡಿ, “ಸತ್ತವರ ಹೇಳಿಕೆ ತಗೊಳ್ಳಕ್ಕೆ ಬರಲ್ಲ ತಾತ” ಎಂದು ನಕ್ಕರು. ತಮಾಷೆಗೆ ಅಂದದ್ದು. ಬರೆದುಕೊಳ್ಳಲಿಲ್ಲ ಎನ್ನುವುದು ತಮಾಷೆಯಲ್ಲ.

ನನಗೆ ಎಪ್ಪತ್ತಾರು. ಗಣಿಯ ಕಲ್ಲುಧೂಳು ಎದೆಯಲ್ಲಿ ಗಟ್ಟಿಯಾಗಿದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ವರ್ಷದ ಲೆಕ್ಕ ಬಿಡಿ, ತಿಂಗಳ ಲೆಕ್ಕ ಹಿಡಿಯಿರಿ ಎಂದರು. ಸಾಯುವುದಕ್ಕೆ ನಾನು ಹೆದರುವವನಲ್ಲ, ದಿನಾ ನೆಲದಡಿ ಇಳಿದವನು. ಆದರೆ ಆ ಅರ್ಧ ಹಲ್ಲನ್ನು ನೋಡಿ ಇವಳೇ ಎಂದು ಹೇಳುವವನು ನಾನೊಬ್ಬನೇ ಉಳಿದಿದ್ದೇನೆ. ಹಲ್ಲು ಮುರಿದಾಗ ಇಂದ್ರಾಣಿ ಎರಡು ವರ್ಷದ ಕೂಸು. ಅವಳು ಕಂಡದ್ದೆಲ್ಲ ಸೆರಗು ಮುಚ್ಚಿದ ಬಾಯಿಯೇ. ಆ ರಕ್ತದ ವರದಿ ಬರುವ ಮುಂಚೆ ನಾನು ಹೋದರೆ ವೆಂಕಿಯ ಕೇಸು ಬಿತ್ತು, ಆದಿಲಕ್ಷ್ಮಿ ವಾರಸುದಾರರಿಲ್ಲದ ಮಾಲಾದಳು. ಆಮೇಲೆ ನಿಮ್ಮ ನಿಯಮದಂತೆ ಎಲ್ಲಿ ವಿಲೇವಾರಿ ಮಾಡುತ್ತೀರೋ ನನಗೆ ಗೊತ್ತಿಲ್ಲ. ಕಳ್ಳಭಟ್ಟಿಯನ್ನು ಮೋರಿಗೆ ಸುರಿಯುವುದನ್ನು ನೋಡಿದ್ದೇನೆ.

ಹಾಗಾಗಿ ನನಗೆ ಬೇಕಾದದ್ದು ಇದು. ಸಂಕ್ರಾಂತಿಯ ಒಳಗೆ ನಿಮ್ಮ ಪಂಚನಾಮೆಯಲ್ಲಿ ನನ್ನ ಹೆಸರು ಹೊಡೆದುಹಾಕಿ ಅವಳ ಹೆಸರು ಬರೆಸಿ. ಫೋಟೊ ತೆಗೆದುಕೊಳ್ಳಿ, ಅಳತೆ ತೆಗೆದುಕೊಳ್ಳಿ, ಅಚ್ಚು ಬೇಕಾದರೆ ತೆಗೆದುಕೊಳ್ಳಿ, ಕೋರ್ಟಿಗೆ ಅಷ್ಟು ಸಾಕಾಗುತ್ತದೆ ಎಂದು ಅರ್ಚನ ಹೇಳುತ್ತಾಳೆ. ತಲೆಯನ್ನು ನನ್ನ ಕೈಗೆ ಕೊಡಿ. ಉಳಿದ ಇಬ್ಬರ ಊರು ಹುಡುಕಿಸಿ, ಅವರ ಮನೆಯಲ್ಲೂ ಎಡೆ ನಿಂತಿದೆ. ಕೊಳ್ಳುವವನನ್ನು ಹಿಡಿಸಿ. ಆಮೇಲೆ ಸರ್ಕಾರಕ್ಕೆ ನೀವೇ ಒಂದು ಕಾಗದ ಬರೆಯಿರಿ: ಗೋರಿಯಿಂದ ಮೂಳೆ ತೆಗೆಯುವವನಿಗೆ, ಸಾಗಿಸುವವನಿಗೆ, ಕೊಳ್ಳುವವನಿಗೆ ಹುಲಿ ಉಗುರಿಗೆ ಇರುವಷ್ಟಾದರೂ ಶಿಕ್ಷೆ ಇರಲಿ, ಸಿಕ್ಕಿದ್ದನ್ನು ಮೂರು ತಿಂಗಳೊಳಗೆ ಮಣ್ಣಿಗೆ ವಾಪಸ್ ಸೇರಿಸಬೇಕೆಂದು ಕಾನೂನಿನಲ್ಲೇ ಬರೆದಿರಲಿ ಎಂದು. ನಾಲ್ಕನೇ ಕ್ಲಾಸಿನವನು ಇಷ್ಟು ಬರೆಯಬಲ್ಲ. ನೀವು ಇನ್ನೂ ಚೆನ್ನಾಗಿ ಬರೆಯುತ್ತೀರಿ.

ಕೊನೆಯದಾಗಿ ಆ ಬಿಲ್ಲೆಯ ವಿಷಯ. ಅದು ಈಗ ನಿಮ್ಮ ಗೋಡೆಯ ಮೊಳೆಯ ಮೇಲಿದೆ. ಮೊಳೆಯ ಮೇಲೆ ಬಿಲ್ಲೆ ಉಳಿದರೆ ಏನರ್ಥ ಎಂದು ಮೇಲೆಯೇ ಬರೆದಿದ್ದೇನೆ. ಒಬ್ಬರು ಇನ್ನೂ ಒಳಗಿದ್ದಾರೆ. ಈ ಪಾಳಿಯ ಮೇಸ್ತ್ರಿ ನೀವು. ಆ ಬಿಲ್ಲೆ ಇಳಿದು ಅವಳ ಕೈ ಸೇರುವವರೆಗೆ ನೀವು ಮನೆಗೆ ಹೋಗುವ ಹಾಗಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ಸತ್ತ ಹೆಂಗಸಾಗಿದ್ದು, ಹಳ್ಳಿಯಲ್ಲಿ ಇನ್ನೂ ಕೆಮ್ಮುತ್ತಿರುವ
ವೆಂಕಟೇಶಪ್ಪ, ಬಿಲ್ಲೆ ನಂಬರು 4417